ಲೈಪ್‌ಜಿಗ್‌ನ ಶನಿವಾರ: ಬಾಖ್ ಇದ್ದ ಊರಲ್ಲಿ ಮೂರು ದಿನ

ನನ್ನ ತಮ್ಮ ಬರ್ಲಿನ್‌ನಲ್ಲಿದ್ದಾನೆ. ಈ ಬೇಸಿಗೆ ರಜೆಯಲ್ಲಿ ಅಮ್ಮ, ನಾನು, ನನ್ನ ಮಗಳು ಮೂವರೂ ಅವನ ಮನೆಗೆ ಹೋಗಿದ್ದೆವು. ಮಗಳಿಗೆ 11 ವರ್ಷ. ನಾಲ್ಕು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ, ಕರ್ನಾಟಕ ಸಂಗೀತ. ಅಮ್ಮ ಚಿಕ್ಕಮಗಳೂರಿನ ಒಂದು ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ಹಾಡುತ್ತಿದ್ದಾಳೆ. ಪ್ರತಿ ಶನಿವಾರ ಸಂಜೆ. ಮಳೆಗಾಲದಲ್ಲಿ ಕರೆಂಟ್ ಹೋಗಿದ್ದರೂ ದೀಪ ಹಚ್ಚಿಕೊಂಡು ಹಾಡುತ್ತಾರೆ, ತಪ್ಪಿಸುವುದಿಲ್ಲ. ಇಂಥ ಇಬ್ಬರನ್ನು ಕರೆದುಕೊಂಡು ಎಲ್ಲಿಗಾದರೂ ಎರಡು ಮೂರು ದಿನ ಹೋಗಿ ಬರೋಣ ಅಂತ ಯೋಚಿಸುತ್ತಿದ್ದಾಗ ತಮ್ಮನೇ ಹೇಳಿದ: "ವಿಯೆನ್ನಾ ದೂರ ಆಗುತ್ತೆ ಅಕ್ಕ. ಲೈಪ್‌ಜಿಗ್‌ಗೆ ಹೋಗಿ. ಬಾಖ್ ಕೆಲಸ ಮಾಡಿದ ಊರು. ರೈಲಿನಲ್ಲಿ ಒಂದೂಕಾಲು ಗಂಟೆ ಅಷ್ಟೆ." ಬಾಖ್ ಅಂದರೆ ಮುನ್ನೂರು ವರ್ಷದ ಹಿಂದಿನ ಜರ್ಮನ್ ಸಂಗೀತಗಾರ, ಪಾಶ್ಚಾತ್ಯ ಸಂಗೀತದ ದೊಡ್ಡ ಹೆಸರು.

ಮೇ ತಿಂಗಳ ಎರಡನೇ ವಾರ ಒಂದು ಶುಕ್ರವಾರ ಹೊರಟೆವು.

ಮೊದಲ ದಿನ, ಶುಕ್ರವಾರ

ಸೇಂಟ್ ಥಾಮಸ್ ಚರ್ಚಿನಲ್ಲಿ ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಮತ್ತು ಶನಿವಾರ ಮಧ್ಯಾಹ್ನ ಮೂರಕ್ಕೆ ಗಾಯನ ಇರುತ್ತದೆ. ಅದಕ್ಕೆ ಮೊಟೆಟ್ ಅಂತ ಹೆಸರು. ಹಾಡುವವರು ಆ ಚರ್ಚಿನ ಹುಡುಗರ ತಂಡ. ಈ ತಂಡ ಶುರುವಾದದ್ದು 1212ರಲ್ಲಿ. ಎಂಟುನೂರು ವರ್ಷ! ನಮ್ಮ ಲೆಕ್ಕ ಹೀಗಿತ್ತು: ಮೂರೂವರೆಗೆ ರೈಲು ಹತ್ತಿದರೆ ಐದರೊಳಗೆ ಊರು, ಆರಕ್ಕೆ ಚರ್ಚು.

ರೈಲು ಅರ್ಧ ದಾರಿಯಲ್ಲಿ ಒಂದು ಹೊಲದ ಮಧ್ಯೆ ನಿಂತಿತು. ಕಿಟಕಿಯ ಆಚೆ ಹಳದಿ ಸಾಸಿವೆ ಜಾತಿಯ ಹೂವಿನ ಹೊಲ ಕಣ್ಣು ಹಾಯುವಷ್ಟು ದೂರ. ಮೊದಲ ಹತ್ತು ನಿಮಿಷ ಫೋಟೋ ತೆಗೆದೆವು. ಆಮೇಲೆ ಮೋಡ ಕವಿದು ಮಳೆ ಬಂತು. ರೈಲು ಮಾತ್ರ ಅಲ್ಲಾಡಲಿಲ್ಲ. ಊರು ತಲುಪಿದಾಗ ಐದು ಐವತ್ತು. ಇಂಥ ಕಾರ್ಯಕ್ರಮ ಇದ್ದರೆ ದಯವಿಟ್ಟು ಎರಡು ಗಂಟೆ ಮೊದಲಿನ ರೈಲನ್ನೇ ಹಿಡಿಯಿರಿ.

ಲೈಪ್‌ಜಿಗ್ ರೈಲು ನಿಲ್ದಾಣ ಯುರೋಪಿನ ಅತಿ ದೊಡ್ಡ ನಿಲ್ದಾಣಗಳಲ್ಲಿ ಒಂದು. ಮುಂಭಾಗವೇ 298 ಮೀಟರ್ ಉದ್ದ ಇದೆ. 1915ರಲ್ಲಿ ಕಟ್ಟಿ ಮುಗಿಸಿದಾಗ ಅರ್ಧ ಪ್ರಷ್ಯಾ ರೈಲ್ವೆಯದು, ಅರ್ಧ ಸ್ಯಾಕ್ಸನಿ ರೈಲ್ವೆಯದು, ಎರಡೂ ಆಗಿನ ಜರ್ಮನಿಯ ರಾಜ್ಯಗಳು. ಲೈಪ್‌ಜಿಗ್ ಇರುವುದು ಸ್ಯಾಕ್ಸನಿಯಲ್ಲಿ. ಅದಕ್ಕೇ ಒಂದೇ ಥರದ ಎರಡು ದೊಡ್ಡ ಬಾಗಿಲು, ಒಂದೇ ಥರದ ಎರಡು ಮೆಟ್ಟಿಲು. ನಾವು ಪಶ್ಚಿಮದ ಕಡೆ ಹೋಗಬೇಕಿತ್ತು, ಪೂರ್ವದ ಕಡೆ ಇಳಿದೆವು. ಎರಡೂ ಒಂದೇ ಥರ ಇರುವುದರಿಂದ ಗೊತ್ತೇ ಆಗಲಿಲ್ಲ. ಹತ್ತು ನಿಮಿಷ ಹೋಯಿತು.

ಕೊಡೆ ಹಿಡಿದು, ಒಂದು ಕೈಯಲ್ಲಿ ಸೂಟ್‌ಕೇಸ್ ಎಳೆಯುತ್ತಾ, ಅಮ್ಮನ ಮಂಡಿ ನೋವಿಗೆ ತಕ್ಕಂತೆ ನಡೆಯುತ್ತಾ ಚರ್ಚು ಮುಟ್ಟಿದಾಗ ಆರೂ ಕಾಲು. ಬಾಗಿಲು ಹಾಕಿತ್ತು. ಬಾಗಿಲ ಬಳಿ ನಿಂತಿದ್ದ ಹಿರಿಯರೊಬ್ಬರು ಮೆಲ್ಲಗೆ ತಲೆ ಅಲ್ಲಾಡಿಸಿದರು. ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಮಗಳ ಮುಖ ನೋಡಿ ಅವರಿಗೂ ಬೇಜಾರಾಗಿರಬೇಕು, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ನಾಳೆ ಮೂರಕ್ಕೆ ಇದೆ. ಎರಡೂ ಕಾಲಿಗೇ ಬಂದುಬಿಡಿ, ಒಳ್ಳೆ ಜಾಗ ಸಿಗುತ್ತದೆ. ನಾಳೆ ವಾದ್ಯವೃಂದವೂ ಇರುತ್ತದೆ."

ಚರ್ಚಿನ ಪಕ್ಕದಲ್ಲೇ ಬಾಖ್ ಪ್ರತಿಮೆ ಇದೆ, 1908ರಲ್ಲಿ ನಿಲ್ಲಿಸಿದ್ದು. ಮಳೆಯಲ್ಲಿ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು. ಕೋಟಿನ ಒಂದು ಜೇಬು ಹೊರಗೆ ಮಗುಚಿಕೊಂಡಿದೆ, ಖಾಲಿ ಜೇಬು. ಬಾಖ್‌ಗೆ ಯಾವಾಗಲೂ ದುಡ್ಡಿನ ತಾಪತ್ರಯ ಇತ್ತು ಅಂತ ತೋರಿಸಲು ಹಾಗೆ ಮಾಡಿದ್ದಾರೆ ಅನ್ನುತ್ತಾರೆ. ಎರಡು ಮದುವೆಯಿಂದ 20 ಮಕ್ಕಳು, ದೊಡ್ಡವರಾಗುವ ತನಕ ಬದುಕಿದ್ದು 10 ಜನ. ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಪ್ರತಿಮೆಯನ್ನೇ ಸ್ವಲ್ಪ ಹೊತ್ತು ನೋಡಿದಳು. "ಹತ್ತು ಮಕ್ಕಳನ್ನು ಕಳಕೊಂಡು ಅದು ಹೇಗೆ ಹಾಡು ಕಟ್ಟಿದನೋ" ಅಂದಳು.

ಆಗ ಗೋಡೆಯ ಆಚೆಯಿಂದ ಆರ್ಗನ್, ಚರ್ಚಿನ ದೊಡ್ಡ ಕೊಳವೆ ವಾದ್ಯ, ಕೇಳಿಸಿತು. ತುಂಬಾ ಸಣ್ಣಗೆ. ಮೂವರೂ ಒಂದೇ ಕೊಡೆಯ ಕೆಳಗೆ ಗೋಡೆಗೆ ಹತ್ತಿರ ಹೋಗಿ ನಿಂತು ಹತ್ತು ನಿಮಿಷ ಕೇಳಿದೆವು.

ನಾವು ಉಳಿದದ್ದು ಹಳೇ ಊರಿನ ವಾಯವ್ಯಕ್ಕೆ, ವಾಲ್ಡ್‌ಸ್ಟ್ರಾಸೆ ಕಡೆ, ನೂರು ವರ್ಷ ದಾಟಿದ ದೊಡ್ಡ ದೊಡ್ಡ ಮನೆಗಳ ಬೀದಿಯಲ್ಲಿ. ಅಡುಗೆಮನೆ ಇರುವ ಮನೆಯನ್ನೇ ಹುಡುಕಿ ತೆಗೆದುಕೊಂಡಿದ್ದೆ, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲವಲ್ಲ. ಬೀದಿಗೆ ತಿರುಗಿದ ಕೂಡಲೇ ಒಂದು ವಾಸನೆ. ಅಮ್ಮ ನಿಂತುಬಿಟ್ಟಳು. "ಯಾರೋ ಬೆಳ್ಳುಳ್ಳಿ ಒಗ್ಗರಣೆ ಹಾಕ್ತಿದ್ದಾರೆ ಕಣೇ." ನಿಜ, ಇಡೀ ಬೀದಿಗೆ ಬೆಳ್ಳುಳ್ಳಿ ವಾಸನೆ. ಆದರೆ ಯಾವ ಮನೆಯ ಕಿಟಕಿಯೂ ತೆರೆದಿರಲಿಲ್ಲ.

ರಾತ್ರಿ ಊಟಕ್ಕೆ ಹತ್ತಿರದ ಒಂದು ಸಣ್ಣ ಹೋಟೆಲಿಗೆ ಹೋದೆವು. ಸಸ್ಯಾಹಾರ, ಮೊಟ್ಟೆ ಬೇಡ ಅಂದಾಗ ಬಡಿಸುವ ಹುಡುಗಿ ಯೋಚಿಸಿ ಒಂದು ಹೆಸರು ಹೇಳಿದಳು. ತಟ್ಟೆಯಲ್ಲಿ ಬಂದದ್ದು ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ಕ್ವಾರ್ಕ್, ಅದರ ಮೇಲೆ ಎಣ್ಣೆ ಮತ್ತು ಹೆಚ್ಚಿದ ಈರುಳ್ಳಿ. ಕ್ವಾರ್ಕ್ ಅಂದರೆ ಬಟ್ಟೆಯಲ್ಲಿ ನೀರು ಬಸಿದ ಗಟ್ಟಿ ಮೊಸರಿನ ಹಾಗೆ. ಎಣ್ಣೆ ಅಗಸೆಯದು. ನಮ್ಮ ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯ ಅದೇ ಕಮಟು ಘಮ! ಅಮ್ಮನಿಗೆ ಬಹಳ ಹಿಡಿಸಿತು. ಆ ಕಡೆ ಹೋಗುವ ಸಸ್ಯಾಹಾರಿಗಳು ಇದನ್ನು ನೆನಪಿಟ್ಟುಕೊಳ್ಳಿ, ಆಲೂಗಡ್ಡೆ, ಕ್ವಾರ್ಕ್, ಅಗಸೆ ಎಣ್ಣೆ. ಅಗ್ಗ, ಹೊಟ್ಟೆಗೂ ಹಿತ.

ಎರಡನೇ ದಿನ, ಶನಿವಾರ

ಬೆಳಿಗ್ಗೆ ಆರಕ್ಕೇ ಬಿಸಿಲು ಬಂದಿತ್ತು. ಅಮ್ಮ ಊರಿಂದ ತಂದಿದ್ದ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಕುಡಿದು, ಆ ಬೆಳ್ಳುಳ್ಳಿ ವಾಸನೆ ಎಲ್ಲಿಂದ ಅಂತ ಹುಡುಕುತ್ತಾ ಹೊರಟೆವು. ಐದು ನಿಮಿಷದಲ್ಲಿ ರೋಸೆಂಟಾಲ್ ಅನ್ನುವ ದೊಡ್ಡ ಪಾರ್ಕು, ಅದರ ಆಚೆ ಕಾಡು. ಊರ ಮಧ್ಯದಲ್ಲೇ ನದಿ ಬಯಲಿನ ಕಾಡು ಇದೆ ಅಲ್ಲಿ. ಮರಗಳ ಕೆಳಗೆ ನೆಲವೇ ಕಾಣದ ಹಾಗೆ ಹಸಿರು ಎಲೆ, ಅದರ ಮೇಲೆ ಬಿಳಿ ನಕ್ಷತ್ರದಂಥ ಹೂ. ಎಲ್ಲಾ ಕಾಡು ಬೆಳ್ಳುಳ್ಳಿ. ಜರ್ಮನ್ನರು ಅದನ್ನು ಬೇರ್‌ಲೌಖ್ ಅನ್ನುತ್ತಾರೆ, ಬೇರ್ ಅಂದರೆ ಕರಡಿ.

ಒಬ್ಬ ಹೆಂಗಸು ಬುಟ್ಟಿ ಹಿಡಿದು ಎಲೆ ಕೀಳುತ್ತಿದ್ದರು. ಮಗಳು ಬಗ್ಗಿದ್ದೇ ತಡ, ಅವರು ಬೇಡ ಬೇಡ ಅಂತ ಕೈ ಅಡ್ಡ ಮಾಡಿದರು. ಇದೇ ಥರದ ಎಲೆಯ ಇನ್ನೊಂದು ಗಿಡ ಇದೆಯಂತೆ, ಗಂಟೆಯಂಥ ಪುಟ್ಟ ಬಿಳಿ ಹೂ ಬಿಡುವ ಲಿಲ್ಲಿ, ಅದು ವಿಷ. ಒಂದೊಂದು ಎಲೆಯನ್ನೂ ಉಜ್ಜಿ ಮೂಸಿ ನೋಡಿಯೇ ಕೀಳಬೇಕು ಅಂತ ಅಭಿನಯ ಮಾಡಿ ತೋರಿಸಿದರು. ಕೊನೆಗೆ ತಾವೇ ಕಿತ್ತ ಒಂದು ಹಿಡಿ ಎಲೆ ಅಮ್ಮನ ಕೈಗೆ ಕೊಟ್ಟರು. ಒಬ್ಬರಿಗೆ ಕನ್ನಡ, ಒಬ್ಬರಿಗೆ ಜರ್ಮನ್, ಮಧ್ಯದಲ್ಲಿ ನಾನು ಬೇಕಾಗಲೇ ಇಲ್ಲ. ಆ ಎಲೆ ಆ ರಾತ್ರಿ ತಂಬುಳಿ ಆಯಿತು.

ವಾಪಸ್ ಬರುವಾಗ ಗುಸ್ತಾವ್ ಅಡಾಲ್ಫ್ ಬೀದಿಯ 12ನೇ ನಂಬರಿನ ಮನೆ ಗೋಡೆಯ ಮೇಲೆ ಒಂದು ಫಲಕ ಕಂಡಿತು. ಸಂಗೀತ ರಚನೆಕಾರ ಗುಸ್ತಾವ್ ಮಾಲರ್ ಈ ಮನೆಯಲ್ಲಿದ್ದರು. 1886ರಿಂದ 1888ರ ತನಕ ಇಲ್ಲಿನ ಒಪೆರಾದಲ್ಲಿ ಕೆಲಸ ಮಾಡುತ್ತಾ ತಮ್ಮ ಮೊದಲ ಸಿಂಫನಿ ಬರೆದರು. ಸುಮ್ನೆ ಒಂದು ವಾಸದ ಮನೆ, ಬಾಗಿಲಲ್ಲಿ ಸೈಕಲ್ಲು. ಈ ಊರೇ ಹೀಗೆ. ಹಳೇ ಊರಿನ ಸುತ್ತ ನೆಲದಲ್ಲಿ ಬಾಗಿದ ಸ್ಟೀಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಅವನ್ನು ಹಿಂಬಾಲಿಸಿ ಹೋದರೆ ಸಂಗೀತಗಾರರ ಮನೆ, ಶಾಲೆ, ಸಭಾಂಗಣ ಎಲ್ಲಾ ಸಿಗುತ್ತವೆ. ಪೂರ್ತಿ ಸುಮಾರು ಐದು ಕಿಲೋಮೀಟರ್. ಮಗಳು ಒಂದೊಂದು ಪಟ್ಟಿಯ ಮೇಲೂ ಕಾಲಿಟ್ಟೇ ಮುಂದೆ ಹೋಗುತ್ತಿದ್ದಳು. ಬೀದಿಗಳಲ್ಲಿ ಕಲ್ಲು ಹಾಸು ಜಾಸ್ತಿ, ತೆಳು ಚಪ್ಪಲಿ ಹಾಕಿಕೊಂಡು ಹೋದರೆ ಅಂಗಾಲು ನೋಯುತ್ತದೆ. ವಯಸ್ಸಾದವರಿದ್ದರೆ ದಪ್ಪ ಅಟ್ಟೆಯ ಶೂ ಕೊಡಿಸಿ.

ಹತ್ತು ಗಂಟೆಗೆ ಹಳೇ ಊರಿನ ಒಂದು ಬೇಕರಿಯಲ್ಲಿ ಕೂತೆವು. ಮಗಳಿಗೆ ಲೈಪ್‌ಜಿಗರ್ ಲೆರ್ಶೆ ಅನ್ನುವ ಪುಟ್ಟ ಕೇಕು. ಲೆರ್ಶೆ ಅಂದರೆ ಬಾನಾಡಿ ಹಕ್ಕಿ. ಹಿಂದೆ ಈ ಊರಲ್ಲಿ ಆ ಹಕ್ಕಿಗಳನ್ನೇ ಸಾವಿರಗಟ್ಟಲೆ ಹಿಡಿದು ಬೇಯಿಸಿ ತಿನ್ನುತ್ತಿದ್ದರು. 1876ರಲ್ಲಿ ಅರಸ ಆ ಬೇಟೆಯನ್ನು ನಿಲ್ಲಿಸಿದ. ಆಮೇಲೆ ಬೇಕರಿಯವರು ಬಾದಾಮಿ ಹೂರಣ ತುಂಬಿ ಅದೇ ಹೆಸರಿನ ಕೇಕು ಮಾಡಿದರು. ಮೇಲೆ ಹಿಟ್ಟಿನ ಎರಡು ಪಟ್ಟಿ ಅಡ್ಡಡ್ಡ, ಹಕ್ಕಿಯನ್ನು ದಾರದಲ್ಲಿ ಕಟ್ಟುತ್ತಿದ್ದ ನೆನಪಿಗೆ. ಒಳಗೆ ಒಂದು ಚೆರಿ, ಅದು ಹೃದಯವಂತೆ. ಇದನ್ನು ಕೇಳಿ ಮಗಳು ಸ್ವಲ್ಪ ಹೊತ್ತು ತಿನ್ನಲಿಲ್ಲ. ಆಮೇಲೆ ಚೆರಿಯನ್ನು ಕೊನೆಗೆ ಇಟ್ಟುಕೊಂಡು ತಿಂದಳು.

ನಾನು, ಅಮ್ಮ ಕಾಫಿ ತೆಗೆದುಕೊಂಡೆವು. ತೆಳ್ಳಗಿತ್ತು. ಅಮ್ಮ ಬಟ್ಟಲು ಎತ್ತಿ ನೋಡಿ ನನ್ನ ಮುಖ ನೋಡಿದಳು. ಪಕ್ಕದ ಮೇಜಿನ ಅಜ್ಜಿಯೊಬ್ಬರು ಅದನ್ನು ಗಮನಿಸಿ ನಕ್ಕು, "ಬ್ಲ್ಯೂಮ್‌ಶೆನ್ ಕಾಫಿ!" ಅಂದರು. ಅವರ ಜೊತೆಗಿದ್ದ ಮೊಮ್ಮಗ ಇಂಗ್ಲಿಷಿನಲ್ಲಿ ವಿವರಿಸಿದ. ಬ್ಲ್ಯೂಮ್‌ಶೆನ್ ಅಂದರೆ ಪುಟ್ಟ ಹೂ. ಕಾಫಿ ಎಷ್ಟು ತೆಳು ಅಂದರೆ ಬಟ್ಟಲಿನ ತಳದಲ್ಲಿ ಬರೆದ ಹೂ ಕಾಣಬೇಕು, ಅದು ಬ್ಲ್ಯೂಮ್‌ಶೆನ್ ಕಾಫಿ. ಸ್ಯಾಕ್ಸನಿಯವರಿಗೆ ಕಾಫಿ ಹುಚ್ಚು, ಕಾಫಿ ಬೀಜ ದುಬಾರಿಯಾದ ಕಾಲದಲ್ಲೂ ಬಿಡಲಿಲ್ಲ, ನೀರು ಜಾಸ್ತಿ ಮಾಡಿಕೊಂಡು ಕುಡಿದರು. ನಾವು ಕಾಫಿ ಬೆಳೆಯುವ ಊರಿನವರು, ಇಂಡಿಯಾಕ್ಕೆ ಮೊದಲ ಕಾಫಿ ಬೀಜ ತಂದವರೆಂದು ಹೇಳುವ ಬಾಬಾ ಬುಡನ್ ಹೆಸರಿನ ಬೆಟ್ಟ ನಮ್ಮ ಮನೆಯಿಂದ ಕಾಣುತ್ತದೆ ಅಂದೆ. ಅಜ್ಜಿ ಎದ್ದು ಬಂದು ಅಮ್ಮನ ಕೈ ಕುಲುಕಿದರು. ಆಮೇಲೆ ಹುಡುಗ ಹೇಳಿದ, ಮೂಲೆ ತಿರುಗಿದರೆ ಕಾಥರೀನೆನ್ ಬೀದಿ, ಬಾಖ್ ಕಾಫಿ ಬಗ್ಗೆ ಕಟ್ಟಿದ ಹಾಡು ಅಲ್ಲಿಯದು, ಹೋಗಿ ನೋಡಿ ಅಂತ.

ಹೋದೆವು. ಅಲ್ಲಿ ನೋಡಲು ಏನೂ ಇಲ್ಲ. ಆ ಬೀದಿಯ ಜಿಮ್ಮರ್‌ಮನ್ ಕಾಫಿ ಹೋಟೆಲಿನಲ್ಲಿ ಬಾಖ್ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಶುಕ್ರವಾರ ರಾತ್ರಿ ನುಡಿಸುತ್ತಿದ್ದರು, 1729ರಿಂದ ಹತ್ತು ವರ್ಷಕ್ಕೂ ಜಾಸ್ತಿ. ಕಟ್ಟಡ 1943ರ ಬಾಂಬ್ ದಾಳಿಯಲ್ಲಿ ಹೋಯಿತು. ಆದರೆ ಹಾಡು ಇದೆ. ಬೀದಿಯಲ್ಲಿ ನಿಂತುಕೊಂಡೇ ಫೋನಿನಲ್ಲಿ ಹಾಕಿದೆ, ಕಥೆ ಹೇಳಿದೆ. ಆ ಕಥೆಯ ಮಗಳಿಗೆ ಕಾಫಿ ಚಟ, ಬಿಡು ಅಂತ ಅಪ್ಪ. ದಿನಕ್ಕೆ ಮೂರು ಸಲ ಕುಡಿಯದಿದ್ದರೆ ಹುರಿದ ಮೇಕೆಯ ಹಾಗೆ ಒಣಗಿಹೋಗುತ್ತೇನೆ ಅಂತ ಮಗಳು. ಬಿಡದಿದ್ದರೆ ಮದುವೆ ಮಾಡುವುದಿಲ್ಲ ಅಂತ ಅಪ್ಪ. ಸರಿ ಬಿಟ್ಟೆ ಅನ್ನುತ್ತಾಳೆ, ಆದರೆ ಕಾಫಿ ಕುಡಿಯಲು ಬಿಡುವ ಗಂಡು ಮಾತ್ರ ಮನೆಗೆ ಬರಲಿ ಅಂತ ಗುಟ್ಟಾಗಿ ಊರಿಗೆಲ್ಲಾ ಸುದ್ದಿ ಹಬ್ಬಿಸುತ್ತಾಳೆ. ಅಮ್ಮ ರಸ್ತೆಯಲ್ಲೇ ನಕ್ಕಳು. ದೇವರ ಹಾಡು ಕಟ್ಟುವವನು ಇದನ್ನೂ ಕಟ್ಟಿದನಾ ಅಂತ ಎರಡು ಸಲ ಕೇಳಿದಳು. ಅಲ್ಲಿಂದ ಹತ್ತಿರದಲ್ಲೇ ಕ್ಲೈನ ಫ್ಲೈಶರ್‌ಗಾಸೆ ಅನ್ನುವ ಗಲ್ಲಿಯಲ್ಲಿ ಇನ್ನೊಂದು ಹಳೇ ಕಾಫಿ ಮನೆ ಇದೆ, ಸಂಗೀತಗಾರ ಶೂಮನ್ ಬಂದು ಕೂರುತ್ತಿದ್ದದ್ದು. ಅದರ ಬಾಗಿಲ ಮೇಲಿನ ಕೆತ್ತನೆ ನೋಡಲೇಬೇಕು. ಕಾಫಿ ಗಿಡದ ಕೆಳಗೆ ಪೇಟ ಕಟ್ಟಿದ ತುರ್ಕ ಒರಗಿಕೊಂಡು ಒಂದು ಪುಟ್ಟ ರೆಕ್ಕೆಯ ಮಗುವಿಗೆ ಕಾಫಿ ಬಟ್ಟಲು ಕೊಡುತ್ತಿದ್ದಾನೆ.

ಬಾಖ್ ಮ್ಯೂಸಿಯಂ ಚರ್ಚಿನ ಎದುರಿಗೇ ಇದೆ, ಬಾಖ್ ಮನೆಯವರಿಗೆ ಆಪ್ತರಾಗಿದ್ದ ವ್ಯಾಪಾರಿಯೊಬ್ಬರ ಮನೆಯಲ್ಲಿ. ಬಾಖ್ ವಾಸವಿದ್ದ ಶಾಲೆ ಕಟ್ಟಡವನ್ನು 1902ರಲ್ಲಿ ಕೆಡವಿಬಿಟ್ಟರು. ಅದನ್ನು ಓದಿ ಹೊಟ್ಟೆ ಉರಿಯಿತು. ಅಲ್ಲಿ ನನಗೆ ತಟ್ಟಿದ್ದು ಬಾಖ್‌ರ ವಾರದ ಕೆಲಸ. 1723ರಲ್ಲಿ ಚರ್ಚಿನ ಸಂಗೀತ ನೋಡಿಕೊಳ್ಳಲು ಈ ಊರಿಗೆ ಬಂದರು. ಊರಿನವರಿಗೆ ಬೇಕಾಗಿದ್ದದ್ದು ಬೇರೆಯವರು, ಮೊದಲು ಕರೆದ ಇಬ್ಬರು ಬರಲಾಗದ ಮೇಲೆ ಇವರನ್ನು ತೆಗೆದುಕೊಂಡರು. ಪ್ರತಿ ಭಾನುವಾರಕ್ಕೆ ಆ ವಾರದ ಬೈಬಲ್ ಓದಿಗೆ ಹೊಂದುವ ಒಂದು ಕ್ಯಾಂಟಾಟಾ ಬೇಕು. ಅಂದರೆ ಹಾಡುವವರು, ವಾದ್ಯದವರು ಎಲ್ಲಾ ಸೇರಿ ಸುಮಾರು ಇಪ್ಪತ್ತು ನಿಮಿಷದ ಕೃತಿ. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸದು. ಬರೆಯಬೇಕು, ಹೆಂಡತಿ ಮಕ್ಕಳು ಶಿಷ್ಯರು ಕೂತು ಒಬ್ಬೊಬ್ಬರ ಭಾಗ ನಕಲು ಮಾಡಬೇಕು, ಶನಿವಾರ ಅಭ್ಯಾಸ, ಭಾನುವಾರ ಬೆಳಿಗ್ಗೆ ಏಳಕ್ಕೆ ಚರ್ಚು. ಮಧ್ಯೆ ಹುಡುಗರಿಗೆ ಪಾಠ. ಹೀಗೆ ಬರೆದವುಗಳಲ್ಲಿ ಸುಮಾರು 200 ನಮಗೆ ಉಳಿದಿವೆ. ನಾವು ಇವತ್ತು ಅಮರ ಕೃತಿ ಅಂತ ಕೈಮುಗಿಯುವುದೆಲ್ಲಾ ಆಗ ಆ ವಾರದ ಕೆಲಸವಾಗಿತ್ತು. ಒಂದು ಕೋಣೆಯಲ್ಲಿ ಗುಂಡಿ ಒತ್ತಿದರೆ ವೃಂದದ ಒಂದೊಂದೇ ವಾದ್ಯ ಎದ್ದು ಕೇಳಿಸುತ್ತದೆ. ಮಗಳು ಪಿಟೀಲಿನ ಗುಂಡಿ ಒತ್ತಿಕೊಂಡು ಅರ್ಧ ಗಂಟೆ ಅಲ್ಲಾಡಲಿಲ್ಲ.

ಹೊರಗೆ ಬಂದಾಗ ಬೀದಿಯಲ್ಲಿ ಒಬ್ಬ ಯುವಕ ಪಿಟೀಲು ನುಡಿಸುತ್ತಿದ್ದ. ಸಂಗೀತ ಕಾಲೇಜಿನ ವಿದ್ಯಾರ್ಥಿ. ಮಗಳು ಅವನ ಬೆರಳನ್ನೇ ನೋಡುತ್ತಾ ನಿಂತಳು. ನೀನೂ ನುಡಿಸುತ್ತೀಯಾ ಅಂತ ಕೇಳಿದ. ಹೌದು, ಆದರೆ ನಾವು ಕೂತು ನುಡಿಸುತ್ತೇವೆ ಅಂದಳು. ಅವನಿಗೆ ಕುತೂಹಲ ಬಂತು, ಪಿಟೀಲನ್ನೇ ಅವಳ ಕೈಗೆ ಕೊಟ್ಟ. ನನಗೆ ಎದೆ ಧಸಕ್ಕೆಂದಿತು, ಎಷ್ಟು ಬೆಲೆಯದೋ. ಅವಳು ಕಲ್ಲಿನ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಇಟ್ಟು, ಕಮಾನು ಎಳೆದು ನಿಲ್ಲಿಸಿಬಿಟ್ಟಳು. "ಅಮ್ಮ, ಶ್ರುತಿ ಬೇರೆ ಇದೆ." ಅವರ ನಾಲ್ಕು ತಂತಿ ನಾಲ್ಕು ಬೇರೆ ಸ್ವರಕ್ಕೆ ಇರುತ್ತದೆ, ನಮ್ಮದು ಸ ಪ ಸ ಪ. ಅವಳೇ ಹಾಡಿ ತೋರಿಸಿದಳು. ಅವನಿಗೆ ತಟ್ಟನೆ ಹೊಳೆಯಿತು. ಕೆಳಗಿನ ಎರಡು ತಂತಿ ಹಾಗೇ ಬಿಟ್ಟು ಮೇಲಿನ ಎರಡನ್ನು ಒಂದೊಂದು ಸ್ವರ ಇಳಿಸಿದ. ಅಷ್ಟೆ, ಸರಿಹೋಯಿತು! ಅವಳು "ಲಂಬೋದರ ಲಕುಮಿಕರ" ನುಡಿಸಿದಳು, ಪುರಂದರದಾಸರ ಗೀತೆ, ನಮ್ಮಲ್ಲಿ ಎಲ್ಲ ಮಕ್ಕಳೂ ಮೊದಲು ಕಲಿಯುವುದು. ಅಮ್ಮ ತೊಡೆಯ ಮೇಲೆ ತಾಳ ಹಾಕಿದಳು. ಹುಡುಗ ನೆಲದ ಮೇಲೆ ಅವಳ ಎದುರಿಗೇ ಕೂತು ಕೇಳಿದ. ಆಮೇಲೆ ಆ ಎರಡು ಸ್ವರದ ಮಧ್ಯದ ಜಾರು ಹೇಗೆ ಅಂತ ಅವಳ ಹತ್ತಿರ ಮೂರು ಸಲ ಮಾಡಿಸಿದ. ನನಗೆ ಕಣ್ಣು ತುಂಬಿ ಬಂತು.

ಎರಡೂ ಕಾಲಿಗೆ ಸರಿಯಾಗಿ ಚರ್ಚಿನ ಬಾಗಿಲಲ್ಲಿದ್ದೆವು. ಟಿಕೆಟ್ ಅಂತ ಇಲ್ಲ, ಕೆಲವೇ ಯೂರೋ ಕೊಟ್ಟು ಆ ದಿನದ ಕಾರ್ಯಕ್ರಮದ ಹಾಳೆ ತೆಗೆದುಕೊಂಡರೆ ಅದೇ ಪ್ರವೇಶ. ಒಳಗೆ ಬಿಳಿ ಚಾವಣಿ, ಅದರ ಮೇಲೆ ಕೆಂಪು ಪಟ್ಟಿಗಳು. ಮುಂದೆ ಪೂಜೆಯ ಜಾಗದ ಹತ್ತಿರ ನೆಲದಲ್ಲಿ ಕಂಚಿನ ಹಾಳೆ, ಬಾಖ್ ಹೆಸರು ಮಾತ್ರ. ಮೇಲೆ ಹೂಗುಚ್ಛ. 1750ರಲ್ಲಿ ತೀರಿಕೊಂಡಾಗ ಬೇರೆ ಚರ್ಚಿನ ಅಂಗಳದಲ್ಲಿ ಗುರುತೂ ಇಲ್ಲದ ಹಾಗೆ ಹೂತಿದ್ದರು. ಆ ಚರ್ಚು ಯುದ್ಧದಲ್ಲಿ ಹಾಳಾದ ಮೇಲೆ ಮೂಳೆಗಳನ್ನು ಇಲ್ಲಿಗೆ ತಂದರು.

ಹಾಡುವವರು ನಮ್ಮ ಹಿಂದೆ, ಮೇಲಿನ ಅಂತಸ್ತಿನಲ್ಲಿ ನಿಲ್ಲುತ್ತಾರೆ. ಕೂತವರಿಗೆ ಕಾಣುವುದಿಲ್ಲ. ಇದು ಮೊದಲು ಗೊತ್ತಿರಲಿಲ್ಲ. ಮೂರು ಹೊಡೆಯಿತು, ಆರ್ಗನ್ ಮುಗಿಯಿತು, ಎಲ್ಲರೂ ಸುಮ್ಮನಾದರು, ಆಮೇಲೆ ತಲೆಯ ಮೇಲಿನಿಂದ ಹುಡುಗರ ದನಿ ಇಳಿಯಿತು. ಏನು ಹೇಳಲಿ. ಒಂದು ದನಿ ಹೊರಡುತ್ತದೆ, ಅದೇ ಸಾಲನ್ನು ಇನ್ನೊಂದು ಗುಂಪು ಸ್ವಲ್ಪ ತಡೆದು ಹಿಡಿಯುತ್ತದೆ, ಮೂರನೆಯದು, ನಾಲ್ಕನೆಯದು, ಯಾರ ಹಿಂದೆ ಹೋಗಬೇಕು ಅಂತ ಕಿವಿಗೆ ಗೊತ್ತಾಗದೆ ಕೊನೆಗೆ ಎಲ್ಲದರ ಮಧ್ಯೆ ಸುಮ್ಮನೆ ಕೂತುಬಿಡುತ್ತೇವೆ. ನಮಗೆ ಒಂದೇ ರಾಗದಲ್ಲಿ ಒಬ್ಬರೇ ಆಳಕ್ಕೆ ಇಳಿಯುವುದು ಅಭ್ಯಾಸ. ಇಲ್ಲಿ ನಾಲ್ಕು ಹೊಳೆ ಒಟ್ಟಿಗೆ ಹರಿಯುತ್ತವೆ. ನೋಡಲು ಮುಖ ಇಲ್ಲದ್ದರಿಂದ ಬರೀ ಕೇಳುವುದೇ ಕೆಲಸ.

ಮಧ್ಯದಲ್ಲಿ ಒಂದು ಹಾಡು ಎಲ್ಲರೂ ಸೇರಿ ಹಾಡುವಂಥದ್ದು, ಹಾಳೆಯಲ್ಲಿ ಸ್ವರ ಸಮೇತ ಅಚ್ಚು ಹಾಕಿರುತ್ತಾರೆ. ಇಡೀ ಚರ್ಚು ಹಾಡಿತು. ಎರಡನೇ ಚರಣದ ಹೊತ್ತಿಗೆ ನನ್ನ ಪಕ್ಕದಿಂದ ಪರಿಚಯದ ದನಿ. ಅಮ್ಮ. ಮಾತು ಗೊತ್ತಿಲ್ಲ, ಬರೀ ಅಕಾರದಲ್ಲಿ, ಮಟ್ಟು ಹಿಡಿದುಬಿಟ್ಟಿದ್ದಳು.

ಹೊರಗೆ ಬಂದು ಬೆಂಚಿನಲ್ಲಿ ಕೂತಾಗ ಅಮ್ಮ ಮಾತಾಡಿದಳು. "ನಮ್ಮ ಶನಿವಾರದ ಥರಾನೇ ಕಣೇ. ಯಾರು ಬಂದರೂ ಬರದಿದ್ದರೂ ಹಾಡೋದು." ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಹುಡುಗರು ಹೊರಗೆ ಬಂದರು, ಚಿಕ್ಕವರು ನೀಲಿ ಅಂಗಿಯಲ್ಲಿ. ಇಷ್ಟು ಹೊತ್ತು ದೇವಲೋಕದ ದನಿ ತೆಗೆದವರು ಈಗ ಒಬ್ಬರನ್ನೊಬ್ಬರು ತಳ್ಳಾಡುತ್ತಾ ಓಡುತ್ತಿದ್ದರು. ಒಬ್ಬನ ಶೂ ಲೇಸು ಬಿಚ್ಚಿತ್ತು.

ಮೂರನೇ ದಿನ, ಭಾನುವಾರ

ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತದೆ. ಗೊತ್ತಿದ್ದೂ ಹಾಲು ತರಲು ಮರೆತಿದ್ದೆ. ಅಮ್ಮನ ಡಿಕಾಕ್ಷನ್ ಸಿದ್ಧ, ಹಾಲಿಲ್ಲ. ಮನೆಯಿಂದ ರೈಲು ನಿಲ್ದಾಣದ ತನಕ ನಡೆದೆ, ಒಳಗಿನ ಕೆಲವು ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ. ಖಾಲಿ ಬೀದಿ, ಗಂಟೆಗಳ ಸದ್ದು, ತಣ್ಣನೆ ಗಾಳಿ. ಹಾಲು ಸಿಕ್ಕಿತು. ಆ ಒಂದು ಗಂಟೆ ನನಗೆ ಇಡೀ ಪ್ರವಾಸದಲ್ಲಿ ಒಂಟಿಯಾಗಿ ಸಿಕ್ಕ ಹೊತ್ತು.

ಹನ್ನೊಂದಕ್ಕೆ ಸಂಗೀತಗಾರ ಮೆಂಡೆಲ್ಸನ್ ಇದ್ದ ಮನೆ. ಭಾನುವಾರ ಬೆಳಿಗ್ಗೆ ಅಲ್ಲಿನ ಸಂಗೀತದ ಕೋಣೆಯಲ್ಲಿ ಕಛೇರಿ ಇರುತ್ತದೆ, ಟಿಕೆಟ್ ಮೊದಲೇ ತೆಗೆದುಕೊಳ್ಳುವುದು ಒಳ್ಳೆಯದು, ಕುರ್ಚಿ ಕಡಿಮೆ. ನಾವು ಕೇಳಿದ್ದು ಪಿಯಾನೊ, ಪಿಟೀಲು, ಚೆಲ್ಲೊ ಮೂರೇ ವಾದ್ಯ. ಕಿಟಕಿಯ ಆಚೆ ಮರ, ಮರದಲ್ಲಿ ಹಕ್ಕಿ. ಫೆಲಿಕ್ಸ್ ಮೆಂಡೆಲ್ಸನ್ 1835ರಲ್ಲಿ ಇಲ್ಲಿನ ಗೆವಾಂಡ್‌ಹೌಸ್ ವಾದ್ಯವೃಂದದ ನಾಯಕರಾಗಿ ಬಂದರು. ಗೆವಾಂಡ್‌ಹೌಸ್ ಅಂದರೆ ಬಟ್ಟೆ ವ್ಯಾಪಾರಿಗಳ ಕಟ್ಟಡ. ಈ ವೃಂದವನ್ನು 1743ರಲ್ಲಿ ಶುರುಮಾಡಿಸಿದ್ದು ಅರಸರಲ್ಲ, ಊರಿನ ವ್ಯಾಪಾರಿಗಳು. ಆಮೇಲೆ ಅವರಿಗೆ ಬಟ್ಟೆ ಕಟ್ಟಡದ ಮೇಲಂತಸ್ತಿನಲ್ಲಿ ಸಭಾಂಗಣ ಸಿಕ್ಕಿತು, ಹೆಸರು ಹಾಗೇ ಉಳಿಯಿತು. ಜರ್ಮನಿಯ ಮೊದಲ ಸಂಗೀತ ಕಾಲೇಜನ್ನು 1843ರಲ್ಲಿ ಈ ಊರಲ್ಲಿ ತೆರೆದದ್ದೂ ಮೆಂಡೆಲ್ಸನ್. ನಿನ್ನೆಯ ಪಿಟೀಲಿನ ಹುಡುಗ ಓದುತ್ತಿರುವುದು ಅಲ್ಲೇ. ಜನ ಮರೆತಿದ್ದ ಬಾಖ್ ಕೃತಿಗಳನ್ನು ಮತ್ತೆ ವೇದಿಕೆಗೆ ತಂದವರೂ ಇವರೇ. ಚರ್ಚಿನ ಪಕ್ಕದ ಪಾರ್ಕಿನಲ್ಲಿರುವ ಬಾಖ್‌ರ ಮೊದಲ ಸ್ಮಾರಕಕ್ಕೆ ಆರ್ಗನ್ ಕಛೇರಿ ಮಾಡಿ ದುಡ್ಡು ಎತ್ತಿದ್ದೂ ಇವರೇ. 38ನೇ ವಯಸ್ಸಿಗೆ ಈ ಮನೆಯಲ್ಲೇ ತೀರಿಕೊಂಡರು.

ಕೆಳಗಿನ ಅಂತಸ್ತಿನಲ್ಲಿ ಒಂದು ಕೋಣೆ ಇದೆ. ನಿಂತಿರುವ ಸ್ಪೀಕರುಗಳೇ ವಾದ್ಯಗಾರರು. ಎದುರಿಗೆ ಕೋಲು ಹಿಡಿದು ನಿಂತು ಕೈ ಆಡಿಸಿದರೆ ಆ ವೇಗಕ್ಕೆ ವೃಂದ ನುಡಿಸುತ್ತದೆ. ಮಗಳು ಹತ್ತು ಸಲ ಮಾಡಿದಳು. ಆಮೇಲೆ ಅಜ್ಜಿಯನ್ನೂ ನಿಲ್ಲಿಸಿದಳು. ಅಮ್ಮ ಕೋಲು ಕೆಳಗಿಟ್ಟು ಬರಿಗೈಯಲ್ಲಿ ನಿಧಾನಕ್ಕೆ ಆದಿತಾಳ ಹಾಕಿದಳು. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಮನೆಗೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ.

ಮೆಂಡೆಲ್ಸನ್ ಹುಟ್ಟಿದ್ದು ಯಹೂದಿ ಮನೆತನದಲ್ಲಿ. ಗೆವಾಂಡ್‌ಹೌಸ್ ಮುಂದೆ 1892ರಲ್ಲಿ ನಿಲ್ಲಿಸಿದ್ದ ಅವರ ಪ್ರತಿಮೆಯನ್ನು ನಾಜಿಗಳು 1936ರ ನವೆಂಬರ್ ತಿಂಗಳ ಒಂದು ರಾತ್ರಿ ತೆಗೆದುಬಿಟ್ಟರು, ಮೇಯರ್ ಕಾರ್ಲ್ ಗೊಯರ್ಡೆಲರ್ ಊರಲ್ಲಿಲ್ಲದ ಹೊತ್ತು ನೋಡಿ. ಮೇಯರ್ ಅದನ್ನು ವಿರೋಧಿಸಿ ಕೆಲಸ ಬಿಟ್ಟರು. ಮುಂದೆ ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಸೇರಿ 1945ರಲ್ಲಿ ಗಲ್ಲಿಗೇರಿದರು. ಅದೇ ಥರದ ಪ್ರತಿಮೆ ಮತ್ತೆ ಬಂದದ್ದು 2008ರಲ್ಲಿ, ಈಗ ಅದು ಥಾಮಸ್ ಚರ್ಚಿನ ಎದುರಿಗಿದೆ. ಶುಕ್ರವಾರ ಮಳೆಯಲ್ಲಿ ನಾವು ಅದನ್ನು ದಾಟಿಯೇ ಓಡಿದ್ದೆವು, ನೋಡಿರಲಿಲ್ಲ. ಭಾನುವಾರ ಮತ್ತೆ ಹೋಗಿ ನೋಡಿದೆವು. ಯಾರೋ ಕಾಲಿನ ಬಳಿ ಒಂದು ಟುಲಿಪ್ ಇಟ್ಟಿದ್ದರು.

ಹೊರಡುವ ಮೊದಲು ನಿಕೊಲಾಯ್ ಚರ್ಚಿನಲ್ಲಿ ಸ್ವಲ್ಪ ಹೊತ್ತು ಕೂತೆವು. ಒಳಗಿನ ಕಂಬಗಳು ತುದಿಯಲ್ಲಿ ತಾಳೆಗರಿಯ ಹಾಗೆ ಬಿಚ್ಚಿಕೊಂಡಿವೆ, ಅಮ್ಮನಿಗೆ ಅಡಿಕೆ ತೋಟ ಕಂಡಿತು. ಬಾಖ್ ಇಲ್ಲೂ ನುಡಿಸಿದವರು. ಆದರೆ ಈ ಚರ್ಚು ಹೆಸರಾದದ್ದು ಸ್ವಲ್ಪ ಈಚೆಗೆ. ಆಗ ಈ ಊರು ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಯಲ್ಲಿತ್ತು. 1982ರಿಂದ ಇಲ್ಲಿ ಪ್ರತಿ ಸೋಮವಾರ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. ಮೊದಮೊದಲು ಬೆರಳೆಣಿಕೆಯ ಜನ. 1989ರ ಅಕ್ಟೋಬರ್ 9ರ ಸೋಮವಾರ ಆ ಸರ್ಕಾರದ ವಿರುದ್ಧ ಇಲ್ಲಿಂದ ಹೊರಟ ಮೆರವಣಿಗೆಯಲ್ಲಿ ಸುಮಾರು 70 ಸಾವಿರ ಜನ ಸೇರಿದರು. ಸುತ್ತ ಪೊಲೀಸರು, ಸೈನಿಕರು. ಗೆವಾಂಡ್‌ಹೌಸ್ ವೃಂದದ ನಾಯಕ ಕುರ್ಟ್ ಮಜೂರ್ ಮತ್ತು ಇನ್ನೂ ಐವರು ಸೇರಿ ಬರೆದ ಶಾಂತಿಯ ಮನವಿಯನ್ನು ಊರಿನ ಸ್ಪೀಕರುಗಳಲ್ಲಿ ಓದಲಾಯಿತು. ಒಂದು ಗುಂಡೂ ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ಬಿತ್ತು. ಸೋಮವಾರದ ಪ್ರಾರ್ಥನೆ ಈಗಲೂ ನಡೆಯುತ್ತದೆ, ಸಂಜೆ ಐದಕ್ಕೆ. ನಾವು ಭಾನುವಾರವೇ ಹೊರಟೆವಲ್ಲ ಅಂತ ನನಗೆ ಈಗಲೂ ಕೊರಗಿದೆ. ಹೋಗುವವರು ಶುಕ್ರವಾರದಿಂದ ಸೋಮವಾರದ ತನಕ ಇಟ್ಟುಕೊಂಡರೆ ಎಲ್ಲವೂ ಸಿಗುತ್ತದೆ.

ಸಂಜೆಯ ರೈಲು ಸರಿಯಾದ ಹೊತ್ತಿಗೆ ಬಂತು. ತಮ್ಮನಿಗೆ ಅಂತ ಕಟ್ಟಿಸಿಕೊಂಡ ನಾಲ್ಕು ಲೆರ್ಶೆ ಕೇಕಿನ ಪೊಟ್ಟಣ ಮಗಳ ತೊಡೆಯ ಮೇಲೆ. ಅವಳು ನಿದ್ದೆ ಹೋದಳು. ಅಮ್ಮ ಕೈಚೀಲದಿಂದ ಮಡಿಸಿಟ್ಟ ಶನಿವಾರದ ಹಾಳೆ ತೆಗೆದು, ಕನ್ನಡಕ ಹಾಕಿಕೊಂಡು, ತನಗೆ ಓದಲು ಬರದ ಸಾಲುಗಳ ಮೇಲೆ ಬೆರಳು ಆಡಿಸುತ್ತಾ ಕೊನೆಗೆ ಬಂದಳು. ಅಲ್ಲಿ ಒಂದು ತಾರೀಖು ಇತ್ತು.

"ಇದೇನು?" ಅಂದಳು.

"ಮುಂದಿನ ಶನಿವಾರದ್ದು ಅಮ್ಮ. ಮೂರು ಗಂಟೆಗೆ."

"ಏನು ಹಾಡ್ತಾರಂತೆ?"

ನಾನು ಓದಿ ಹೇಳಿದೆ.